ರೇಷ್ಮೆಯ ನಾಡಿನಲ್ಲಿ ಲೂಯಿ ಪಾಶ್ಚರ್

ಹುಚ್ಚುನಾಯಿಯ ಕಡಿತಕ್ಕೆ ಮದ್ದನ್ನು ಕಂಡುಹಿಡಿದವನೆಂದು ಲೂಯಿ ಪಾಶ್ಚರನ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಹಾಲನ್ನು ಹದವರಿತು ಕಾಯಿಸಿ ಕೆಡದಂತೆ ಕಾಪಾಡುವ ಕ್ರಮಕ್ಕೆ ಅವನ ಹೆಸರೇ ನಿಂತಿದೆ. ಆದರೆ 1865ರಿಂದ 1870ರವರೆಗೆ ಅವನು ಫ್ರಾನ್ಸಿನ ದಕ್ಷಿಣ ಭಾಗದ ಒಂದು ಪಟ್ಟಣದಲ್ಲಿ, ರೇಷ್ಮೆಹುಳುಗಳ ತಟ್ಟೆಗಳ ನಡುವೆ ಕುಳಿತು ಕಳೆದ ಕಾಲವನ್ನು ನೆನೆಯುವವರು ಕಡಮೆ.

ಆ ಐದು ವರ್ಷಗಳಲ್ಲಿ ಅವನು ತಂದೆಯನ್ನು ಕಳೆದುಕೊಂಡನು. ಇಬ್ಬರು ಹೆಣ್ಣುಮಕ್ಕಳನ್ನು ಮಣ್ಣಿಗಿಟ್ಟನು. ಅವನ ದೇಹದ ಎಡಭಾಗವೇ ಸ್ವಾಧೀನ ತಪ್ಪಿತು. ಇವೆಲ್ಲದರ ನಡುವೆ ಅವನು ಶಾಸ್ತ್ರದಲ್ಲಿ ದೊಡ್ಡದೊಂದು ತಪ್ಪನ್ನೂ ಮಾಡಿದನು; ಆ ತಪ್ಪನ್ನು ತಾನೇ ತಿದ್ದಿಕೊಂಡನು. ಕೀಟವೊಂದರ ಕರುಳಿನಲ್ಲಿ ಮೊಳೆಯುವ ಅತಿಸೂಕ್ಷ್ಮವಾದ ಬೀಜಾಣುವೊಂದರ ಸುತ್ತ ನಡೆದ ಈ ಕಥೆಯನ್ನು ನಾವು ಇಂದು ವಾಚಕರ ಮುಂದಿಡಬಯಸುತ್ತೇವೆ.

ಚರ್ಮ ಹದಮಾಡುವವನ ಮಗ

ಪಾಶ್ಚರನು ಹುಟ್ಟಿದುದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ಪೂರ್ವದ ಜೂರಾ ಪ್ರಾಂತದ ದೋಲ್ ಎಂಬ ಊರಿನಲ್ಲಿ. ತಂದೆ ಜಾನ್ ಜೋಸೆಫನು ನೆಪೋಲಿಯನ್ನನ ಸೈನ್ಯದಲ್ಲಿ ಸೇವೆ ಸಲ್ಲಿಸಿ ಗೌರವಪದಕವನ್ನು ಪಡೆದವನು. ಯುದ್ಧ ಮುಗಿದ ಮೇಲೆ ಊರಿಗೆ ಮರಳಿ, ಮನೆತನದ ಕಸುಬಾದ ಚರ್ಮ ಹದಮಾಡುವ ಕೆಲಸಕ್ಕೆ ನಿಂತನು. ಕುಟುಂಬವು ಮುಂದೆ ಆರ್ಬ್ವಾ ಎಂಬ ಊರಿನಲ್ಲಿ ನೆಲೆಸಿತು. ಬಾಲಕ ಲೂಯಿಗೆ ಚಿತ್ರ ಬರೆಯುವುದರಲ್ಲಿ ಒಳ್ಳೆಯ ಕೈ ಇದ್ದಿತು. ತಂದೆತಾಯಿಯರ, ನೆರೆಹೊರೆಯವರ ಮುಖಗಳನ್ನು ಅವನು ಬಣ್ಣದ ಕಡ್ಡಿಗಳಿಂದ ಬಿಡಿಸಿದ ಚಿತ್ರಗಳು ಇಂದಿಗೂ ಉಳಿದಿವೆ. ಎದುರಿಗಿರುವುದನ್ನು ಇರುವಂತೆಯೇ ನೋಡುವ ಆ ಅಭ್ಯಾಸವೇ ಮುಂದೆ ಅವನ ಜೀವಮಾನದ ಬಂಡವಾಳವಾಯಿತು.

1843ರಲ್ಲಿ ಅವನು ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ವಿದ್ಯಾಲಯವನ್ನು ಸೇರಿದನು. 1848ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ದ್ರಾಕ್ಷಾರಸದ ಪೀಪಾಯಿಗಳಲ್ಲಿ ದೊರೆಯುವ ಒಂದು ಆಮ್ಲದ ಲವಣದ ಹರಳುಗಳನ್ನು ಒಂದೊಂದಾಗಿ ಆರಿಸಿ, ಎಡಗೈಗೆ ಬಲಗೈ ಇರುವಂತೆ ಒಂದಕ್ಕೊಂದು ಪ್ರತಿಬಿಂಬವಾದ ಎರಡು ಬಗೆಯ ಹರಳುಗಳು ಅದರಲ್ಲಿ ಬೆರೆತಿರುವುದನ್ನು ತೋರಿಸಿಕೊಟ್ಟನು. 1849ರಲ್ಲಿ ಸ್ಟ್ರಾಸ್‌ಬುರ್ಗಿನಲ್ಲಿ ಮರೀ ಲೋರಾಂ ಎಂಬ ಕನ್ಯೆಯನ್ನು ವರಿಸಿದನು. ಆಕೆ ಅವನ ಲೇಖನಗಳಿಗೆ ಬರಹಗಾರ್ತಿಯಾದಳು. ಅವನ ಪ್ರಯೋಗಗಳಿಗೆ ಜೊತೆಗಾರ್ತಿಯಾದಳು. ಮುಂದಿನ ಹದಿನೈದು ವರ್ಷಗಳಲ್ಲಿ ಅವನು, ಹುಳಿಯುವಿಕೆ ಎಂಬುದು ಜೀವಾಣುಗಳ ಕೆಲಸವೆಂದೂ, ಆ ಜೀವಾಣುಗಳು ತಾವಾಗಿ ಹುಟ್ಟದೆ ತಮ್ಮಂಥವೇ ಆದ ಜೀವಾಣುಗಳಿಂದ ಹುಟ್ಟುತ್ತವೆಂದೂ ಸಿದ್ಧಮಾಡಿ ತೋರಿಸಿದನು. 1865ರ ಹೊತ್ತಿಗೆ ಅವನಿಗೆ ನಲವತ್ತೆರಡು ವರ್ಷ. ವಿಜ್ಞಾನ ಅಕಾಡೆಮಿಯ ಸದಸ್ಯತ್ವವೂ ದೊರೆತಿದ್ದಿತು. ಆದರೆ ರೇಷ್ಮೆಹುಳುವನ್ನು ಮಾತ್ರ ಅವನು ಒಮ್ಮೆಯೂ ಕೈಯಲ್ಲಿ ಹಿಡಿದಿರಲಿಲ್ಲ.

ಬಂಗಾರದ ಮರದ ಸೀಮೆ

ಫ್ರಾನ್ಸಿನ ದಕ್ಷಿಣದಲ್ಲಿ ಸೆವೆನ್ ಎಂಬ ಬೆಟ್ಟಸಾಲು ಉಂಟು. ಕಲ್ಲುನೆಲದ ಆ ಸೀಮೆಯ ಬಡ ರೈತರಿಗೆ ಹಿಪ್ಪುನೇರಳೆಯ ಗಿಡವೇ ಜೀವನಾಧಾರವಾಗಿದ್ದಿತು. ಅದನ್ನು ಅವರು ಬಂಗಾರದ ಮರವೆಂದೇ ಕರೆಯುತ್ತಿದ್ದರು. ವಸಂತಕಾಲದಲ್ಲಿ ಮನೆಮನೆಯಲ್ಲಿಯೂ ಹುಳುಸಾಕಣೆ. ಮೊಟ್ಟೆಯೊಡೆದು ಹೊರಬಂದ ಹುಳು ಸುಮಾರು ಒಂದು ತಿಂಗಳು ಸೊಪ್ಪು ತಿಂದು, ನಾಲ್ಕು ಬಾರಿ ಪೊರೆ ಬಿಡುತ್ತದೆ. ನಮ್ಮ ರೈತರು ಇದಕ್ಕೆ ಹುಳು ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದೆದ್ದ ಹುಳು ಹೊಟ್ಟೆಬಾಕನಂತೆ ಮೇದು, ಕೊನೆಗೆ ಗೂಡು ಕಟ್ಟುತ್ತದೆ. ಗೂಡನ್ನು ಮಾರಿದರೆ ವರ್ಷದ ಕಂದಾಯಕ್ಕೂ ಸಾಲಕ್ಕೂ ದಾರಿಯಾಗುತ್ತಿದ್ದಿತು.

ಆ ಹುಳುಗಳಿಗೆ ಮಾರಿಯಂಥ ರೋಗ ತಗುಲಿತು. ರೋಗ ಹಿಡಿದ ತಟ್ಟೆಯಲ್ಲಿ ಹುಳುಗಳು ಸಮನಾಗಿ ಬೆಳೆಯವು. ಕೆಲವು ದೊಡ್ಡವಾದರೆ ಕೆಲವು ಕುಬ್ಜವಾಗಿಯೇ ಉಳಿಯುತ್ತವೆ. ಸೊಪ್ಪಿನ ಮೇಲಣ ಆಸೆ ತಪ್ಪುತ್ತದೆ. ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು ಏಳುತ್ತವೆ. ಆ ಪ್ರಾಂತದ ಭಾಷೆಯಲ್ಲಿ ಮೆಣಸಿಗೆ ಇದ್ದ ಮಾತಿನಿಂದಲೇ ಕಾತ್ರಫಾಜ್ ಎಂಬ ವಿದ್ವಾಂಸನು ಈ ರೋಗಕ್ಕೆ ಪೆಬ್ರೀನ್ ಎಂದು ಹೆಸರಿಟ್ಟನು. ನಮ್ಮ ಕಡೆಯ ರೇಷ್ಮೆ ಬೆಳೆಗಾರರು ಇದನ್ನೇ ಗಂಟುರೋಗ ಎನ್ನುತ್ತಾರೆ.

1853ರಲ್ಲಿ ಫ್ರಾನ್ಸಿನ ಗೂಡಿನ ಬೆಳೆ 2 ಕೋಟಿ 60 ಲಕ್ಷ ಕಿಲೋಗ್ರಾಮಿನಷ್ಟಿದ್ದಿತು. 1865ರಲ್ಲಿ ಅದು 40 ಲಕ್ಷಕ್ಕೆ ಇಳಿಯಿತು. ಇಟಲಿಯಿಂದ, ಸ್ಪೇನಿನಿಂದ, ತುರ್ಕಿಯಿಂದ, ಕಾಕಸಸ್ಸಿನಿಂದ ಹೊಸ ಮೊಟ್ಟೆಗಳನ್ನು ತರಿಸಿದರು. ಒಂದೆರಡು ವರ್ಷ ಚೆನ್ನಾಗಿ ಬಂದ ಬೆಳೆ ಮತ್ತೆ ರೋಗಕ್ಕೆ ತುತ್ತಾಗುತ್ತಿದ್ದಿತು. ರೋಗವೂ ಮೊಟ್ಟೆಯ ಹಿಂದೆಯೇ ದೇಶದಿಂದ ದೇಶಕ್ಕೆ ಪಯಣ ಮಾಡಿ, ಕೊನೆಗೆ ಜಪಾನಿನ ಮೊಟ್ಟೆಯೊಂದೇ ನಂಬಿಕೆಗೆ ಅರ್ಹವಾಗಿ ಉಳಿಯಿತು. ರೈತರು ಹುಳುಮನೆಗೆ ಗಂಧಕದ ಹೊಗೆ ಹಾಕಿದರು; ಸೊಪ್ಪಿಗೆ ಸಕ್ಕರೆ, ಸಾಸಿವೆ, ಮದ್ಯ, ಕೊಯಿನಾ ಮುಂತಾಗಿ ಕೈಗೆ ಸಿಕ್ಕಿದುದನ್ನೆಲ್ಲ ಸವರಿದರು. ಯಾವುದರಿಂದಲೂ ಫಲವಾಗಲಿಲ್ಲ. ಮೂರೂವರೆ ಸಾವಿರಕ್ಕೂ ಹೆಚ್ಚು ಮಂದಿ ಊರ ಪ್ರಮುಖರೂ ಜಮೀನುದಾರರೂ ಸಹಿಮಾಡಿ ಸರ್ಕಾರಕ್ಕೆ ಮೊರೆಯಿಟ್ಟರು.

ಈ ಸೀಮೆಯ ಅಲೇಸ್ ಪಟ್ಟಣದವನಾದ ರಸಾಯನ ಪಂಡಿತ ದ್ಯೂಮಾ ಆಗ ಸೆನೆಟ್ ಸಭೆಯ ಸದಸ್ಯನಾಗಿದ್ದನು. ಪಾಶ್ಚರನಿಗೆ ಅವನು ಗುರು. ಅವನು ಈ ಕೆಲಸವನ್ನು ಶಿಷ್ಯನಿಗೆ ಒಪ್ಪಿಸಿದನು. ಹುಳುವಿನ ವಿಷಯ ತನಗೇನೂ ತಿಳಿಯದೆಂದು ಪಾಶ್ಚರನು ಹಿಂಜರಿದನು. ಏನೂ ತಿಳಿಯದವನಾದರೆ ಹಿಂದಿನವರ ಕಲ್ಪನೆಗಳ ಭಾರವೂ ಇರದೆಂಬುದು ದ್ಯೂಮಾನ ಅಭಿಪ್ರಾಯ. ಗುರುವಿನ ಮಾತನ್ನು ತೆಗೆದುಹಾಕಲಾರದೆ ಶಿಷ್ಯನು 1865ರ ಜೂನಿನಲ್ಲಿ ದಕ್ಷಿಣಕ್ಕೆ ಹೊರಟನು.

ದಾರಿಯಲ್ಲಿ ಅವಿನ್ಯೋಂ ಪಟ್ಟಣದಲ್ಲಿ ಅವನು ಆನ್ರಿ ಫಾಬ್ರ್ ಎಂಬ ಉಪಾಧ್ಯಾಯನನ್ನು ಕಂಡನು. ಕೀಟಗಳ ಬಾಳನ್ನು ಬರೆದು ಮುಂದೆ ಜಗತ್ಪ್ರಸಿದ್ಧನಾದವನು ಈ ಫಾಬ್ರನೇ. ಪಾಶ್ಚರನು ಒಂದು ಗೂಡನ್ನು ಕೇಳಿ ಪಡೆದು, ಕಿವಿಯ ಬಳಿ ಹಿಡಿದು ಅಲುಗಿಸಿ, ಒಳಗೆ ಏನೋ ಇದೆಯಲ್ಲವೆ ಎಂದು ಬೆರಗಾದನಂತೆ. ಹುಳು ಚಿಟ್ಟೆಯಾಗುವ ಕ್ರಮವನ್ನೂ ಅರಿಯದ ಈತ ರೇಷ್ಮೆಯನ್ನು ಉದ್ಧರಿಸಲು ಬಂದಿರುವನೆಂದು ಫಾಬ್ರನಿಗೆ ಅಚ್ಚರಿಯಾಯಿತು. ಆದರೆ ಆ ಅರಿವಿನ ಕೊರತೆಯಿಂದ ಅವನು ಅಳುಕಲಿಲ್ಲವೆಂಬುದನ್ನು ಫಾಬ್ರನು ಮೆಚ್ಚಿಕೊಂಡೇ ಬರೆದಿಟ್ಟಿದ್ದಾನೆ.

ಕಂಡ ಕಣ, ತಪ್ಪಿದ ಅರ್ಥ

ಪಾಶ್ಚರನು ಬರಿಯ ಕೈಯಿಂದ ಕೆಲಸ ಆರಂಭಿಸಿದನೆಂದು ಹೇಳಿದರೆ ಹಿಂದಿನವರಿಗೆ ಅನ್ಯಾಯವಾದೀತು. ರೋಗಿ ಹುಳುವಿನ ದೇಹರಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಿನುಗುವ ಮೊಟ್ಟೆಯಾಕಾರದ ಕಣಗಳು ಕಾಣುವುದನ್ನು ಇಟಲಿಯ ಮತ್ತು ಫ್ರಾನ್ಸಿನ ಶೋಧಕರು ಆಗಲೇ ಬರೆದಿದ್ದರು. ಅವುಗಳಿಗೆ ಕೊರ್ನಾಲಿಯಾ ಎಂಬ ಇಟಲಿಯವನ ಹೆಸರೇ ಬಿದ್ದಿದ್ದಿತು. ಓಸಿಮೊ ಎಂಬಾತನು ಮೊಟ್ಟೆಗಳಲ್ಲಿಯೂ ಅವುಗಳನ್ನು ಕಂಡು, ಪರೀಕ್ಷಿಸಿ ಆರಿಸುವ ಸೂಚನೆಯನ್ನೂ ಕೊಟ್ಟಿದ್ದನು. 1857ರಲ್ಲಿ ನೇಗೆಲಿ ಎಂಬ ಸಸ್ಯಶಾಸ್ತ್ರಜ್ಞನು ಆ ಕಣಗಳನ್ನು ಕೆಳದರ್ಜೆಯ ಬೂಷ್ಟುಗಳ ಸಾಲಿಗೆ ಸೇರಿಸಿ ನೊಸೀಮಾ ಬಾಂಬಿಸಿಸ್ ಎಂದು ಹೆಸರಿಟ್ಟಿದ್ದನು. ಆದರೆ ಈ ಕಣವು ರೋಗದ ಕಾರಣವೋ ಲಕ್ಷಣವೋ ಎಂಬುದು ಇತ್ಯರ್ಥವಾಗಿರಲಿಲ್ಲ. ಅದಕ್ಕಿಂತ ಮಿಗಿಲಾಗಿ, ರೈತನು ಮಾಡಬೇಕಾದುದೇನೆಂಬುದು ಯಾರಿಗೂ ಖಚಿತವಾಗಿರಲಿಲ್ಲ.

ಅಲೇಸಿಗೆ ಬಂದು ಕೆಲವೇ ದಿನಗಳಾಗಿದ್ದವು. ತಂದೆಗೆ ಕಾಯಿಲೆಯೆಂದು ಸುದ್ದಿ ಬಂದಿತು. ಪಾಶ್ಚರನು ಆರ್ಬ್ವಾ ಊರನ್ನು ಮುಟ್ಟುವ ಹೊತ್ತಿಗೆ ತಂದೆಯ ಪ್ರಾಣ ಹೋಗಿದ್ದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಎರಡು ವರ್ಷದ ಮಗು ಕಮೀಯ್ ತೀರಿಕೊಂಡಿತು. ಮರುವರ್ಷದ ವಸಂತದಲ್ಲಿ ಪತ್ನಿಯು ಹೆಣ್ಣುಮಕ್ಕಳೊಂದಿಗೆ ಅಲೇಸಿಗೆ ಬರುತ್ತಿದ್ದಾಗ, ನಡುದಾರಿಯ ಶಾಂಬೇರಿ ಪಟ್ಟಣದಲ್ಲಿ ಹನ್ನೆರಡು ವರ್ಷದ ಸೆಸೀಲಳಿಗೆ ವಿಷಮಶೀತಜ್ವರ ಬಂದಿತು. ಪಾಶ್ಚರನು ಓಡಿಹೋಗಿ ನೋಡಿದನು. ಮಗಳು ಚೇತರಿಸಿಕೊಳ್ಳುತ್ತಿರುವಂತೆ ಕಂಡಿತು, ಕೆಲಸಕ್ಕೆ ಮರಳಿದನು. ಮೇ ತಿಂಗಳಿನಲ್ಲಿ ಅವಳೂ ತೀರಿಕೊಂಡಳು. ಹಿರಿಯ ಮಗಳು ಜಾನ್ 1859ರಲ್ಲಿಯೇ ಇದೇ ಜ್ವರಕ್ಕೆ ಬಲಿಯಾಗಿದ್ದಳು. ಐವರು ಮಕ್ಕಳಲ್ಲಿ ಉಳಿದವರು ಇಬ್ಬರು. ಈ ದುಃಖದಲ್ಲಿಯೂ ಪಾಶ್ಚರನು ಅಲೇಸಿನ ಹೊರವಲಯದ ಪೊಂ ಜಿಸ್ಕೆ ಎಂಬ ಮನೆಯಲ್ಲಿ ಹುಳುಗಳ ನಡುವೆಯೇ ಇದ್ದನು. ಪತ್ನಿ ಮರೀಯೂ ಉಳಿದ ಮಗಳು ಮರೀ ಲುಈಸಳೂ ಸೊಪ್ಪು ಕೊಯ್ದು, ಹುಳು ಸಾಕಿ, ಮೊಟ್ಟೆ ಆರಿಸಿ ಅವನಿಗೆ ನೆರವಾದರು. ಜೆರ್ನೇ, ದ್ಯುಕ್ಲೋ ಮೊದಲಾದ ಶಿಷ್ಯರೂ ಜೊತೆಗಿದ್ದರು.

ಈ ಕಾಲದಲ್ಲಿಯೇ ಅವನು ತಪ್ಪು ಮಾಡಿದುದು. ಕಣಗಳು ಜೀವವುಳ್ಳವಲ್ಲ, ಅವು ರೋಗದಿಂದ ಹುಳುವಿನ ಅಂಗಗಳಲ್ಲಿಯೇ ಉಂಟಾಗುವ ವಸ್ತುಗಳು ಎಂದು ಅವನು ನಂಬಿದನು. ಕೀವಿನ ಕಣವೋ ಪಿಷ್ಟದ ಕಣವೋ ತನ್ನಂಥದೇ ಇನ್ನೊಂದನ್ನು ಹೇಗೆ ಹೆರಲಾರದೋ ಇವೂ ಹಾಗೆಯೇ ಎಂಬುದು ಅವನ ಎಣಿಕೆ. ಇದಕ್ಕೆ ಕಾರಣವೂ ಇದ್ದಿತು. ಕೆಲವು ತಟ್ಟೆಗಳಲ್ಲಿ ಕಣವಿಲ್ಲದ ಹುಳುಗಳೂ ಸಾಯುತ್ತಿದ್ದವು. ಇನ್ನು ಕೆಲವು ಕಡೆ ಹುಳುವಿನಲ್ಲಿ ಕಾಣದ ಕಣಗಳು ಚಿಟ್ಟೆಯಲ್ಲಿ ತುಂಬಿರುತ್ತಿದ್ದವು. ಕಣವೇ ರೋಗದ ಮೂಲವಾದರೆ ರೋಗ ಮೊದಲು ಬಂದು ಕಣ ಆಮೇಲೆ ಬರುವುದೆಂತು?

ಇದೇ ಸಮಯದಲ್ಲಿ ಮೊಂಪೆಲಿಯೆ ನಗರದ ಪ್ರಾಧ್ಯಾಪಕ ಬೇಶಾಂ ಎಂಬಾತನು, ಕಣಗಳು ಹೊರಗಿನಿಂದ ಬಂದು ಹುಳುವನ್ನು ಮುತ್ತುವ ಪರಾವಲಂಬಿ ಜೀವಿಗಳೆಂದು ವಾದಿಸಿದನು. ಬಾಲ್ಬಿಯಾನಿ ಎಂಬುವನೂ ಅವು ಜೀವಿಗಳೆಂದನು. ಪಾಶ್ಚರನು ಅವರ ಮಾತಿಗೆ ಮನ್ನಣೆ ಕೊಡಲಿಲ್ಲ. ಜೀವವು ಜೀವದಿಂದಲೇ ಹುಟ್ಟುವುದೆಂದು ಲೋಕಕ್ಕೆ ಸಾರಿದವನು ತನ್ನ ಸೂಕ್ಷ್ಮದರ್ಶಕದ ಕೆಳಗಿನ ಜೀವವನ್ನು ಗುರುತಿಸದೆ ಹೋದುದು ಸೋಜಿಗವೇ ಸರಿ. ಬೇಶಾಂ ಆ ಅನ್ಯಾಯವನ್ನು ಕಡೆಯವರೆಗೂ ಮರೆಯಲಿಲ್ಲ. ಈ ವಿಷಯದಲ್ಲಿ ಮೊದಲ ಮಾತು ಅವನದೆಂಬುದನ್ನು ನಾವೂ ಮರೆಯಬಾರದು.

ಪಾಶ್ಚರನನ್ನು ದಾರಿಗೆ ತಂದುದು ಅವನ ಪ್ರಯೋಗಗಳೇ. ರೋಗಿ ಚಿಟ್ಟೆಯನ್ನು ನೀರಿನಲ್ಲಿ ಅರೆದು, ಆ ನೀರನ್ನು ಕುಂಚದಿಂದ ಸೊಪ್ಪಿಗೆ ಬಳಿದು ಆರೋಗ್ಯದ ಹುಳುಗಳಿಗೆ ತಿನ್ನಿಸಿದರು. ಕೆಲವು ದಿನಗಳಲ್ಲಿ ಅವುಗಳ ಮೈಮೇಲೆ ಮೆಣಸಿನ ಚುಕ್ಕೆಗಳು ಎದ್ದವು. ಕಣವಿಲ್ಲದ ನೀರನ್ನು ಬಳಿದ ಸೊಪ್ಪು ತಿಂದ ಹುಳುಗಳಿಗೆ ಪೆಬ್ರೀನ್ ಬರಲಿಲ್ಲ. ಶಿಷ್ಯ ಜೆರ್ನೇ ಈ ಪ್ರಯೋಗಗಳನ್ನು ಎಚ್ಚರದಿಂದ ಮಾಡಿ ಗುರುವಿನ ಮುಂದಿಟ್ಟನು. 1867ರ ಹೊತ್ತಿಗೆ ಪಾಶ್ಚರನು ತನ್ನ ಮೊದಲ ಮತವನ್ನು ಬಿಟ್ಟುಕೊಟ್ಟು, ಕಣವೇ ರೋಗವೆಂದು ಒಪ್ಪಿಕೊಂಡನು.

ಒಪ್ಪಿದೊಡನೆ ಒಗಟುಗಳೂ ಬಿಡಿಸಿಕೊಂಡವು. ಕಣವಿಲ್ಲದೆ ಸತ್ತ ಹುಳುಗಳಿಗೆ ಇದ್ದುದು ಬೇರೆಯೇ ಒಂದು ರೋಗ, ಫ್ಲಾಷರೀ. ನಮ್ಮವರು ಅದನ್ನು ಸಪ್ಪೆರೋಗವೆನ್ನುತ್ತಾರೆ. ಎರಡು ರೋಗಗಳು ಒಂದೇ ತಟ್ಟೆಯಲ್ಲಿ ಬೆರೆತು ಅವನ ಕಣ್ಣು ಕಟ್ಟಿದ್ದವು. ಎರಡನೆಯ ಒಗಟಿಗೆ ಉತ್ತರ, ಸೋಂಕು ತಗುಲಿದಾಗಿನ ಹುಳುವಿನ ವಯಸ್ಸು. ಎಳೆಯ ಹುಳುವಿಗೆ ತಗುಲಿದರೆ ಅದು ಗೂಡು ಕಟ್ಟುವ ಮೊದಲೇ ಸಾಯುತ್ತದೆ. ನಾಲ್ಕನೆಯ ಜ್ವರ ಕಳೆದ ಮೇಲೆ ತಗುಲಿದರೆ, ಹುಳು ಅಂದವಾದ ಗೂಡನ್ನೇ ಕಟ್ಟುತ್ತದೆ. ಆದರೆ ಆ ಗೂಡಿನಿಂದ ಬರುವ ಚಿಟ್ಟೆಯ ಮೈತುಂಬ ಕಣಗಳು, ಅದು ಇಡುವ ಮೊಟ್ಟೆಯಲ್ಲಿಯೂ ಕಣಗಳು. ಬೆಳೆ ಚೆನ್ನಾಗಿ ಬಂದಿತೆಂದು ರೈತನು ನಂಬಿ ಬೀಜಕ್ಕಿಟ್ಟ ಗೂಡೇ ಮುಂದಿನ ವರ್ಷ ಅವನ ಮನೆಯನ್ನು ಮುಳುಗಿಸುತ್ತಿದ್ದಿತು.

ಕರುಳಿನೊಳಗಣ ಮೊಳಕೆ

ಸೊಪ್ಪಿನೊಡನೆ ಒಳಹೊಕ್ಕ ಕಣವು ಕರುಳಿನಲ್ಲಿ ಮಾಡುವುದೇನು? ಪಾಶ್ಚರನಿಗೆ ಇದು ತಿಳಿದಿರಲಿಲ್ಲ. ಕಣವು ಒಡೆದು ಎರಡಾಗಿ ಬೆಳೆಯುವುದೆಂದು ಅವನು ತಿಳಿದಿದ್ದನು. ಮುಂದಿನ ತಲೆಮಾರಿನವರು ಕಂಡುಕೊಂಡುದನ್ನು ನಾವು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

ಆ ಕಣವು ಒಂದು ಬೀಜಾಣು. ಅದರ ಉದ್ದ ಒಂದು ಮಿಲಿಮೀಟರಿನ ಸಾವಿರದ ಮೂರು ನಾಲ್ಕು ಪಾಲು ಮಾತ್ರ. ಅದಕ್ಕೆ ಎರಡು ಪದರದ ಗಟ್ಟಿ ಕವಚ. ಒಳಪದರವು ಅಣಬೆ ಬೂಷ್ಟುಗಳ ಗೋಡೆಯಲ್ಲಿರುವ ಕೈಟಿನ್ ಎಂಬ ವಸ್ತುವಿನಿಂದಲೇ ಆಗಿದೆ. ಕವಚದೊಳಗೆ ಒಂದು ಟೊಳ್ಳು ನೂಲು ಹಗ್ಗದ ಸಿಂಬಿಯಂತೆ ಸುತ್ತಿಕೊಂಡಿರುತ್ತದೆ. ಹುಳುವಿನ ಹಿಕ್ಕೆಯೊಡನೆ ಹೊರಬಿದ್ದ ಬೀಜಾಣುವು ಸೊಪ್ಪಿನ ಮೇಲೆ, ತಟ್ಟೆಯ ಧೂಳಿನಲ್ಲಿ ಚಲನೆಯಿಲ್ಲದೆ ಬಿದ್ದಿರುತ್ತದೆ. ನೋಡಿದವರಿಗೆ ಅದು ಜೀವವಿಲ್ಲದ ಹರಳಿನಂತೆಯೇ ತೋರಬೇಕು.

ಆದರೆ ರೇಷ್ಮೆಹುಳುವಿನ ಕರುಳಿನ ರಸವು ನಮ್ಮ ಜಠರದ ರಸದಂತೆ ಹುಳಿಯಲ್ಲ, ಬಲವಾದ ಕ್ಷಾರ. ಆ ಕ್ಷಾರರಸ ಸೋಕಿದಾಗ ಬೀಜಾಣುವು ಎಚ್ಚರಗೊಳ್ಳುತ್ತದೆ. ನೀರು ಕವಚದೊಳಕ್ಕೆ ನುಗ್ಗುತ್ತದೆ. ಒಳಗಿನ ಒತ್ತಡ ಏರುತ್ತದೆ. ಕವಚದ ತುದಿ ಬಿರಿದು, ಸುತ್ತಿಕೊಂಡಿದ್ದ ನೂಲು ಅಂಗಿಯ ತೋಳನ್ನು ಒಳಗಿನಿಂದ ಹೊರಕ್ಕೆ ಮಗುಚಿದಂತೆ ಮಗುಚಿಕೊಂಡು ಚಿಮ್ಮುತ್ತದೆ. ಬೀಜಾಣುವಿನ ಉದ್ದಕ್ಕಿಂತ ಹತ್ತಾರು ಪಟ್ಟು ಉದ್ದದ ಈ ನಳಿಕೆ ಹೊರಬರಲು ಹಿಡಿಯುವ ಕಾಲ ಒಂದೆರಡು ಸೆಕೆಂಡು ಮಾತ್ರ. ನಳಿಕೆಯ ಮೊನೆಯು ಕರುಳಿನ ಗೋಡೆಯ ಜೀವಕೋಶವನ್ನು ಚುಚ್ಚಿದರೆ, ಬೀಜಾಣುವಿನ ಸಾರವೆಲ್ಲ ಆ ನಳಿಕೆಯ ಮೂಲಕ ಹರಿದು ಕೋಶದೊಳಗೆ ಸೇರುತ್ತದೆ. ಅಲ್ಲಿ ಅದು ಬೆಳೆದು, ನೂರಾಗಿ ಸಾವಿರವಾಗಿ, ಮಾಂಸಖಂಡಗಳಿಗೂ ರೇಷ್ಮೆಯ ಗ್ರಂಥಿಗಳಿಗೂ ಕೊನೆಗೆ ಅಂಡಾಶಯಕ್ಕೂ ಹಬ್ಬುತ್ತದೆ. ಹೀಗೆ ತಾಯಿಯ ಕರುಳಿನಲ್ಲಿ ಮೊಳೆತದ್ದು ಮೊಟ್ಟೆಯೊಳಗಣ ಮರಿಯನ್ನು ಸೇರುತ್ತದೆ.

1894ರಲ್ಲಿ ತೆಲೊಆನ್ ಎಂಬ ಫ್ರೆಂಚ್ ಶೋಧಕನು ಈ ನೂಲನ್ನು ಪೆಬ್ರೀನಿನ ಕಣದಿಂದಲೇ ಹೊರಡಿಸಿ ತೋರಿಸಿದನು. ಬಹುಕಾಲ ಈ ಜೀವಿಯನ್ನು ಏಕಕೋಶ ಪ್ರಾಣಿಗಳ ಗುಂಪಿನಲ್ಲಿ ಎಣಿಸುತ್ತಿದ್ದರು. 1990ರ ದಶಕದಿಂದೀಚೆಗೆ ಅದರ ವಂಶಧಾತುವನ್ನು ಓದಿ ನೋಡಿದವರು, ಅದು ಶಿಲೀಂಧ್ರಗಳ ಕುಲದ್ದೇ, ಅಥವಾ ಅವುಗಳ ಹತ್ತಿರದ ಬಂಧುವೆಂದು ತೀರ್ಮಾನಿಸಿದರು. ನೇಗೆಲಿಯು 1857ರಲ್ಲಿ ಅದನ್ನು ಬೂಷ್ಟುಗಳ ಸಾಲಿನಲ್ಲಿ ಕೂರಿಸಿದುದು, ಅವನು ಊಹಿಸದ ಕಾರಣಗಳಿಗಾಗಿ, ಅಷ್ಟೇನೂ ದೂರದ ಮಾತಾಗಿರಲಿಲ್ಲ.

ತಾಯಿಯನ್ನು ನೋಡಿ ಮೊಟ್ಟೆ ಆರಿಸುವುದು

ಮೊಳಕೆಯ ಈ ಮರ್ಮವನ್ನು ಅರಿಯದೆಯೇ ಪಾಶ್ಚರನು ಪರಿಹಾರವನ್ನು ಕಂಡುಕೊಂಡನು. ರೋಗ ತಗುಲಿದ ಹುಳುವನ್ನು ಬದುಕಿಸುವ ಮದ್ದನ್ನು ಅವನು ಹುಡುಕಲಿಲ್ಲ. ರೋಗವಿಲ್ಲದ ಮೊಟ್ಟೆಯನ್ನು ಆರಿಸುವ ದಾರಿಯನ್ನು ಹುಡುಕಿದನು. ಮೊಟ್ಟೆಯಲ್ಲಿ ಕಣಗಳು ವಿರಳ. ಇದ್ದರೂ ಕಣ್ಣು ತಪ್ಪುತ್ತವೆ. ಚಿಟ್ಟೆಯಲ್ಲಾದರೆ ರೋಗವು ಪೂರ್ತಿ ಬೆಳೆದಿರುತ್ತದೆ. ಆದುದರಿಂದ ತಾಯಿಯನ್ನು ಪರೀಕ್ಷಿಸಬೇಕು.

ಕ್ರಮವು ಸರಳ. ಗಂಡಿನೊಡನೆ ಕೂಡಿದ ಪ್ರತಿಯೊಂದು ಹೆಣ್ಣು ಚಿಟ್ಟೆಯನ್ನೂ ಬೇರೆಬೇರೆ ಬಟ್ಟೆಯ ತುಂಡಿನ ಮೇಲೆ ಬಿಡುವುದು. ಅದು ಮೊಟ್ಟೆಯಿಟ್ಟ ಮೇಲೆ ಅದೇ ಬಟ್ಟೆಯ ಮೂಲೆಗೆ ಅದನ್ನು ಗುಂಡುಸೂಜಿಯಿಂದ ಚುಚ್ಚಿಡುವುದು. ಬಿಡುವಾದಾಗ ಆ ಚಿಟ್ಟೆಯನ್ನು ಸಣ್ಣ ಕಲ್ಬತ್ತಿನಲ್ಲಿ ನಾಲ್ಕು ಹನಿ ನೀರಿನೊಡನೆ ಅರೆದು, ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಕಣ ಕಂಡರೆ ಬಟ್ಟೆಯನ್ನು ಮೊಟ್ಟೆಗಳ ಸಮೇತ ಸುಟ್ಟುಬಿಡುವುದು. ಕಾಣದಿದ್ದರೆ ಬೀಜಕ್ಕೆ ಇಟ್ಟುಕೊಳ್ಳುವುದು.

ಹಳ್ಳಿಗರ ಕೈಗೆ ಸೂಕ್ಷ್ಮದರ್ಶಕವೇ ಎಂದು ಹಲವರು ನಕ್ಕರು. ತನ್ನ ಪ್ರಯೋಗಶಾಲೆಯಲ್ಲಿ ಎಂಟು ವರ್ಷದ ಬಾಲೆಯೊಬ್ಬಳು ಈ ಕೆಲಸವನ್ನು ಕಷ್ಟವಿಲ್ಲದೆ ಕಲಿತಿರುವಳೆಂದು ಪಾಶ್ಚರನು ಉತ್ತರ ಕೊಟ್ಟನು. ಮೊಟ್ಟೆ ಮಾರುವ ವರ್ತಕರಿಗೆ ಇದರಿಂದ ನಷ್ಟವಾಗುವಂತಿದ್ದಿತು. ಅವರು ಅವನ ವಿಷಯದಲ್ಲಿ ಇಲ್ಲದ ಸುದ್ದಿಗಳನ್ನು ಹಬ್ಬಿಸಿದರು. ಅವನು ವಾದಕ್ಕೆ ಪ್ರತಿವಾದ ಹೂಡುವುದರ ಜೊತೆಗೆ ಪಂದ್ಯವನ್ನೇ ಕಟ್ಟಿದನು. ಹದಿನಾಲ್ಕು ತಂಡದ ಮೊಟ್ಟೆಗಳ ತಾಯಂದಿರನ್ನು 1866ರಲ್ಲಿ ಪರೀಕ್ಷಿಸಿ, ಬರುವ ವರ್ಷ ಯಾವ ತಂಡದ ಗತಿ ಏನಾಗುವುದೆಂದು ಬರೆದು, ಮೊಹರು ಮಾಡಿದ ಲಕೋಟೆಯನ್ನು ಸೇಂತ್ ಇಪೊಲೀತ್ ಊರಿನ ಅಧ್ಯಕ್ಷನಿಗೆ ಒಪ್ಪಿಸಿದನು. ಬೆಳೆ ಮುಗಿದ ಮೇಲೆ ಲಕೋಟೆ ಒಡೆದು ನೋಡಿದಾಗ ಹನ್ನೆರಡು ತಂಡಗಳಲ್ಲಿ ಅವನು ಬರೆದಂತೆಯೇ ಆಗಿದ್ದಿತು.

ಸ್ವಾಧೀನ ತಪ್ಪಿದ ಎಡಗೈ

1868ರ ಅಕ್ಟೋಬರ್ 19ರಂದು ಬೆಳಿಗ್ಗೆಯಿಂದ ಅವನಿಗೆ ಮೈಯ ಎಡಭಾಗದಲ್ಲಿ ಜುಮುಜುಮು ಎನಿಸುತ್ತಿದ್ದಿತು. ಆದರೂ ಅಕಾಡೆಮಿಗೆ ಹೋಗಿ, ಇಟಲಿಯ ಬೆಳೆಗಾರನೊಬ್ಬನು ತನ್ನ ಕ್ರಮವನ್ನು ಅನುಸರಿಸಿ ಗೆದ್ದ ವೃತ್ತಾಂತವನ್ನು ಸಭೆಯಲ್ಲಿ ಓದಿ ಬಂದನು. ಆ ರಾತ್ರಿಯೇ ಪಾರ್ಶ್ವವಾಯು ಬಡಿಯಿತು. ನಾಲಿಗೆ ತೊದಲಿತು, ಎಡಗೈ ಎಡಗಾಲು ಬಿದ್ದುಹೋದವು. ಬದುಕುವ ಆಸೆಯನ್ನು ವೈದ್ಯರು ಬಿಟ್ಟಿದ್ದರು. ಆದರೆ ಒಂದು ವಾರದೊಳಗೆ ಅವನು ಹಾಸಿಗೆಯಲ್ಲಿ ಮಲಗಿಕೊಂಡೇ ಸಪ್ಪೆರೋಗವನ್ನು ಕುರಿತ ಒಂದು ಟಿಪ್ಪಣಿಯನ್ನು ಜೆರ್ನೇಗೆ ಹೇಳಿ ಬರೆಯಿಸಿದನು. ಮೂರು ತಿಂಗಳಲ್ಲಿ, ಬೇಡವೆಂದವರ ಮಾತನ್ನು ಕೇಳದೆ, ರೈಲು ಹತ್ತಿಸಿಕೊಂಡು ಮತ್ತೆ ಹುಳುಗಳ ಸೀಮೆಗೆ ಹೊರಟನು. ಎಡಗಾಲನ್ನು ಎಳೆದುಕೊಂಡು ನಡೆಯುವ ನಡಿಗೆ ಅವನಿಗೆ ಕಡೆಯವರೆಗೂ ಉಳಿಯಿತು.

1869ರಲ್ಲಿ ಲಿಯೋಂ ನಗರದ ರೇಷ್ಮೆ ಮಂಡಲಿಯವರು ಅವನ ಮಾತನ್ನು ಪರೀಕ್ಷಿಸಬಯಸಿ ಒಳ್ಳೆಯ ಮೊಟ್ಟೆಗಳನ್ನು ಬೇಡಿದರು. ಅವನು ಒಳ್ಳೆಯದನ್ನು ಕಳುಹಿಸಿದುದಲ್ಲದೆ ಕೆಟ್ಟವನ್ನೂ ಕಳುಹಿಸಿದನು. ಒಂದು ತಂಡ ಗೆಲ್ಲುವುದು, ಒಂದು ಪೆಬ್ರೀನಿನಿಂದ ಸಾಯುವುದು, ಒಂದು ಫ್ಲಾಷರೀಯಿಂದ, ಇನ್ನೊಂದು ಎರಡರಿಂದಲೂ ಎಂದು ಮೊದಲೇ ಬರೆದು ತಿಳಿಸಿದನು. ಹಾಗೆಯೇ ನಡೆಯಿತು. ಆ ಚಳಿಗಾಲದಲ್ಲಿ ಅವನು ಚಕ್ರವರ್ತಿಯ ಮನೆತನಕ್ಕೆ ಸೇರಿದ, ಟ್ರಿಯೆಸ್ಟಿನ ಬಳಿಯ ವಿಲ್ಲಾ ವಿಚೆಂತೀನಾ ಎಂಬ ಜಮೀನಿಗೆ ಹೋಗಿ, ಅಲ್ಲಿ ಬಹುಕಾಲ ನಷ್ಟದಲ್ಲಿದ್ದ ಹುಳುಸಾಕಣೆಯನ್ನು ಲಾಭಕ್ಕೆ ತಿರುಗಿಸಿದನು. 1870ರಲ್ಲಿ ಈ ಐದು ವರ್ಷಗಳ ಕೆಲಸವು ಎರಡು ಸಂಪುಟಗಳ ಗ್ರಂಥವಾಗಿ ಅಚ್ಚಾಯಿತು.

ಸೆವೆನ್ ಸೀಮೆಯ ಹಳೆಯ ಸಿರಿ ಮಾತ್ರ ಮೊದಲಿನಂತೆ ಮರಳಲಿಲ್ಲವೆಂಬುದನ್ನೂ ಹೇಳಬೇಕು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಏಷ್ಯದ ಅಗ್ಗದ ರೇಷ್ಮೆ ಯೂರೋಪಿಗೆ ಹರಿದು ಬಂದಿತು. ಆಮೇಲೆ ಕೃತಕ ರೇಷ್ಮೆಯೂ ಬಂದಿತು. ಆದರೂ ಆ ಸೀಮೆಯ ಜನ ಕೃತಜ್ಞತೆಯನ್ನು ಮರೆಯದೆ ಅಲೇಸಿನಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಿದರು.

ಹುಳುವಿನಿಂದ ಮನುಷ್ಯನವರೆಗೆ

ಮುಂದಿನ ಕಥೆ ಎಲ್ಲರಿಗೂ ತಿಳಿದುದು. ಸೋಂಕು ಎಂದರೇನು, ಅದು ಸ್ಪರ್ಶದಿಂದ ಆಹಾರದಿಂದ ಹೇಗೆ ಹರಡುತ್ತದೆ, ತಾಯಿಯಿಂದ ಮರಿಗೆ ಹೇಗೆ ಇಳಿಯುತ್ತದೆ, ಎರಡು ರೋಗಗಳನ್ನು ಬೇರ್ಪಡಿಸುವುದು ಹೇಗೆ ಎಂಬ ಪಾಠಗಳನ್ನೆಲ್ಲ ಅವನು ಕಲಿತುದು ಹುಳುವಿನ ತಟ್ಟೆಯಲ್ಲಿ. ತನ್ನ ಬಳಿಗೆ ಕಲಿಯಲು ಬಂದ ತರುಣರಿಗೆ ರೇಷ್ಮೆಹುಳುವಿನ ಗ್ರಂಥವನ್ನು ಮೊದಲು ಓದುವಂತೆ ಅವನು ಹೇಳುತ್ತಿದ್ದನು. 1881ರಲ್ಲಿ ಪೂಯಿ ಲ ಫೋರ್ ಎಂಬಲ್ಲಿ ಕುರಿಗಳಿಗೆ ನೆರಡಿ ರೋಗದ ಲಸಿಕೆ ಹಾಕಿ ಬಹಿರಂಗವಾಗಿ ಗೆದ್ದನು. 1885ರ ಜುಲೈ 6ರಂದು, ಹುಚ್ಚುನಾಯಿ ಕಚ್ಚಿದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಮೊದಲ ಲಸಿಕೆ ಹಾಕಿಸಿದನು, ಹುಡುಗನು ಬದುಕಿಕೊಂಡನು. 1888ರಲ್ಲಿ ಜನರ ಚಂದಾಹಣದಿಂದ ಪ್ಯಾರಿಸ್ಸಿನಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. 1895ರ ಸೆಪ್ಟೆಂಬರ್ 28ರಂದು, ಎಪ್ಪತ್ತೆರಡರ ವಯಸ್ಸಿನಲ್ಲಿ ಅವನು ಕಣ್ಮುಚ್ಚಿದನು. ಆ ಸಂಸ್ಥೆಯ ನೆಲಮಾಳಿಗೆಯಲ್ಲಿಯೇ ಅವನ ಸಮಾಧಿಯಿದೆ.

ಈ ಕಥೆ ನಮ್ಮ ನಾಡಿಗೂ ದೂರವಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ರೇಷ್ಮೆಯು ಹತ್ತೊಂಬತ್ತನೆಯ ಶತಮಾನದ ನಡುವೆ ಹುಳುಗಳ ಸಾವಿನಿಂದ ಸೊರಗಿದ್ದಿತು. ಪಾಶ್ಚರನು ಅಲೇಸಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದ 1866ರಲ್ಲಿಯೇ, ದ ವೆಚ್ಚಿ ಎಂಬ ಇಟಲಿಯವನು ಜಪಾನಿನ ಮೊಟ್ಟೆಗಳನ್ನು ತರಿಸಿ ಇಲ್ಲಿನ ಕಸುಬನ್ನು ಮೇಲೆತ್ತಲು ಯತ್ನಿಸಿದನು. ಆ ಶತಮಾನದ ಕೊನೆಯಲ್ಲಿ ಮುಂಬಯಿಯ ಜಮ್‌ಶೇಟ್ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ಪದ್ಧತಿಯ ರೇಷ್ಮೆ ತೋಟವನ್ನು ಸ್ಥಾಪಿಸಿದರು. ಇಂದು ಕರ್ನಾಟಕದ ಬಿತ್ತನೆ ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ ತಾಯಿ ಚಿಟ್ಟೆಯನ್ನು ಅರೆದು ನೋಡುವ ಕೆಲಸ ನಡೆಯುತ್ತಿರುವುದು ಪಾಶ್ಚರನು ಹಾಕಿದ ದಾರಿಯಲ್ಲಿಯೇ. ರೋಗರಹಿತ ಮೊಟ್ಟೆಯೆಂದು ರೈತನು ನಂಬಿ ಕೊಳ್ಳುವ ಹಾಳೆಯ ಹಿಂದೆ ಆ ಪರೀಕ್ಷೆ ಇದೆ.

ನಾಡಿನಿಂದ ದೂರದ ನಗರಗಳಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿಯೂ ಪೆಟ್ಟಿಗೆಯ ಅಡಿಯಲ್ಲಿ ತಾಯಿಯದೋ ಅಜ್ಜಿಯದೋ ಒಂದು ಮೈಸೂರು ರೇಷ್ಮೆಯ ಸೀರೆ ಇರುತ್ತದೆ. ಅದನ್ನು ಹಬ್ಬಕ್ಕೆ ಹೊರತೆಗೆದಾಗ ನೆಯ್ದವನನ್ನು ನೆನೆಯುತ್ತೇವೆ, ಉಡಿಸಿದವರನ್ನು ನೆನೆಯುತ್ತೇವೆ. ಮಕ್ಕಳನ್ನು ಮಣ್ಣಿಗಿಟ್ಟು ಬಂದು ಹುಳುಗಳ ಮುಂದೆ ಕುಳಿತು, ತಾನು ನಂಬಿದ್ದುದು ಸುಳ್ಳೆಂದು ಕಂಡಾಗ ಅದನ್ನು ಬಿಟ್ಟುಕೊಟ್ಟ ಆ ಕುಂಟುನಡಿಗೆಯ ಮನುಷ್ಯನನ್ನೂ ಅವರ ಜೊತೆಯಲ್ಲಿ ಒಮ್ಮೆ ನೆನೆಯುವುದು ಉಚಿತವೆಂದು ನಮಗೆ ತೋರುತ್ತದೆ.